ಬಸ್ಸಿನ ಖರೀದಿಯೂ ಅರಬೈಲು ಘಟ್ಟವೂ

ರಾಮನಗುಳಿಯಿಂದ ಯಲ್ಲಾಪುರಕ್ಕೆ ಹೋಗುವ ಬಸ್ಸು ಅರಬೈಲು ಘಟ್ಟವನ್ನೇರಬೇಕು. ಮರಳುವಾಗ, ಸುರಿವ ಮಳೆಯಲ್ಲೂ, ಅದನ್ನೇ ಇಳಿಯಬೇಕು. ಇಳಿಯುವವರ ಪ್ರಾಣವಿರುವುದು ಟಾಯರು, ಬ್ರೇಕುಗಳ ಮೇಲೆ. ಅವುಗಳ ಖರೀದಿಯ ಮಾತೆತ್ತಿದರೆ, ಅತಿ ಕಡಿಮೆ ದರದವನಿಗೇ ಕೊಡಬೇಕೆಂದು ಕಾಯಿದೆಯೇ ಇದೆಯಲ್ಲ ಎಂಬ ಸಿದ್ಧ ಉತ್ತರ ಬರುವುದುಂಟು. 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮವನ್ನು ಓದಿದವರು ಹೀಗೆನ್ನಲಾರರು. ಟೆಂಡರು ಪತ್ರದಲ್ಲಿ ಮೊದಲೇ ಕಾಣಿಸಿದ ಮಾನದಂಡಗಳಿಂದ ತೂಗಿ, ಆಮೇಲೆ ಕನಿಷ್ಠವಾದುದನ್ನು ಆರಿಸಿರೆಂದು ಅದು ವಿಧಿಸುತ್ತದೆ. ಆ ಮಾನದಂಡಗಳನ್ನು ಬರೆಯುವವರು ಖರೀದಿಯ ಅಧಿಕಾರಿಗಳೇ ಅಲ್ಲವೇ? ಟಾಯರಿನ ಬೆಲೆಯನ್ನು ಅದು ಓಡುವ ಕಿಲೋಮೀಟರುಗಳಿಂದ ಭಾಗಿಸಿ ನೋಡಬಹುದು. ಬ್ರೇಕನ್ನು ಬಯಲುಸೀಮೆಯ ನೇರ ರಸ್ತೆಯಲ್ಲಲ್ಲ, ಘಟ್ಟದ ತಿರುವುಗಳಲ್ಲಿ ಪರೀಕ್ಷಿಸಬಹುದು. ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಕೇಂದ್ರ ಕಚೇರಿ ಹುಬ್ಬಳ್ಳಿಯಲ್ಲಿದೆ. ಘಟ್ಟವು ಅಲ್ಲಿಂದ ಕಾಣದು. ಮುಂದಿನ ಟೆಂಡರು ಪತ್ರ ಬರೆಯುವ ಮುನ್ನ ಸಂಬಂಧಪಟ್ಟವರು ಒಂದು ಆಷಾಢದ ಸಂಜೆ ರಾಮನಗುಳಿಯವರೆಗೆ ಬಸ್ಸಿನಲ್ಲೇ ಇಳಿದು ಬರಬೇಕೆಂದು ಕೇಳಿಕೊಳ್ಳುತ್ತೇವೆ.