ಗೃಹಕೃತ್ಯ: ಹಬ್ಬದ ದಿನ ಜಮಖಾನದ ಮೇಲೆ ಚೆಲ್ಲಿದ ಪಾನೀಯಗಳು

ಶ್ರೀರಾಮನವಮಿಗೆ ಪಾನಕ, ನೀರುಮಜ್ಜಿಗೆ. ಉಳಿದ ಹಬ್ಬಗಳಿಗೆ ಹೊತ್ತುಹೊತ್ತಿಗೆ ಕಾಫಿ. ಮನೆತುಂಬ ನೆಂಟರಿಷ್ಟರು ನೆರೆದು, ಹಾಸಿದ ಜಮಖಾನದ ಮೇಲೆ ಮಕ್ಕಳು ಓಡಾಡುವ ಕಡೆಯಲ್ಲಿ ಒಂದು ಲೋಟವಾದರೂ ಉರುಳದ ಹಬ್ಬವು ಅಪರೂಪವೇ ಸರಿ. ಲೋಟ ಉರುಳುವುದನ್ನು ತಡೆಯುವುದು ನಮ್ಮ ಕೈಯಲ್ಲಿಲ್ಲ; ಕಲೆ ನಿಲ್ಲದಂತೆ ನೋಡಿಕೊಳ್ಳುವುದು ಬಹುಮಟ್ಟಿಗೆ ನಮ್ಮ ಕೈಯಲ್ಲಿದೆ.

ಮೊದಲನೆಯ ನಿಯಮವಿದು: ಉಜ್ಜಕೂಡದು. ಉಜ್ಜಿದರೆ ದ್ರವವು ನೂಲಿನ ಆಳಕ್ಕೆ ಇಳಿಯುವುದಲ್ಲದೆ ಎಳೆಗಳೂ ಜುಂಗುಜುಂಗಾಗುವುವು. ಬಿಳಿಯ ಹತ್ತಿಬಟ್ಟೆಯನ್ನು ಮೇಲಿಟ್ಟು ಅಂಗೈಯಿಂದ ಒತ್ತಿ, ಒದ್ದೆಯಾದಂತೆಲ್ಲ ಒಣಭಾಗವನ್ನು ತಿರುಗಿಸಿಕೊಳ್ಳಬೇಕು. ಅಂಚಿನಿಂದ ನಡುವಿಗೆ ಬರಬೇಕು; ನಡುವಿನಿಂದ ಅಂಚಿಗೆ ಹೋದರೆ ಕಲೆ ಹರಡುವುದು. ಬಣ್ಣದ ಬಟ್ಟೆಯನ್ನು ಬಳಸಿದರೆ ಅದರ ಬಣ್ಣವೇ ಇನ್ನೊಂದು ಕಲೆಯಾದೀತು.

ಎರಡನೆಯ ನಿಯಮ: ಯಾವ ದ್ರಾವಣವನ್ನಾದರೂ ಮೊದಲು ಕಾಣದ ಮೂಲೆಯಲ್ಲಿ ಪರೀಕ್ಷಿಸತಕ್ಕದ್ದು. ಧಾರವಾಡ ಜಿಲ್ಲೆಯ ನವಲಗುಂದದಲ್ಲಿ ಹೆಂಗಸರು ಕೈಮಗ್ಗದಲ್ಲಿ ನೇಯುವ ಹತ್ತಿಯ ಜಮಖಾನಗಳು ಅನೇಕ ಮನೆಗಳಲ್ಲಿ ತಲೆಮಾರುಗಳಿಂದ ಬಂದ ಸೊತ್ತು. ಅಂಥ ಹಾಸಿನ ಕೆಂಪು ಬಣ್ಣವು ಬಿಟ್ಟು ಪಕ್ಕದ ಬಿಳಿಯ ಎಳೆಗೆ ಹತ್ತಿದರೆ ಮತ್ತೆ ಸರಿಪಡಿಸುವುದು ದುಸ್ತರ. ಒದ್ದೆಯ ಬಿಳಿಬಟ್ಟೆಯನ್ನು ಮೂಲೆಯ ಮೇಲೆ ಐದು ನಿಮಿಷ ಒತ್ತಿ ನೋಡಿ. ಬಣ್ಣ ಬಂದರೆ ಅಲ್ಲಿಗೇ ನಿಲ್ಲಿಸಿ, ಬಲ್ಲವರ ಕೈಗೆ ಒಪ್ಪಿಸುವುದು ಮೇಲು.

ಇನ್ನು ಒಂದೊಂದಾಗಿ ಹೇಳುವೆವು.

ಕಾಫಿ: ಇದರಲ್ಲಿ ಕಷಾಯದ ಕಂದು ಬಣ್ಣವೂ ಹಾಲಿನ ಸಾರವೂ ಜಿಡ್ಡೂ ಸೇರಿರುವುದರಿಂದ ಕಲೆ ಹಟಮಾರಿ. ಬಿಸಿನೀರು ಸಲ್ಲದು; ಕಾಯಿಸಿದ ಹಾಲು ಪಾತ್ರೆಯ ತಳ ಹಿಡಿಯುವಂತೆ ಹಾಲಿನ ಸಾರವು ನೂಲನ್ನು ಹಿಡಿದುಕೊಳ್ಳುವುದು. ಮೊದಲು ತಣ್ಣೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒತ್ತಬೇಕು. ಬಳಿಕ ಕಾಲು ಲೀಟರು ನೀರಿಗೆ ಅರ್ಧ ಟೀ ಚಮಚ ಮೃದುವಾದ ದ್ರವಸಾಬೂನನ್ನು ಬೆರೆಸಿ, ಅದರಿಂದ ಒತ್ತಬೇಕು. ಕಂದು ಬಣ್ಣ ಇನ್ನೂ ಉಳಿದರೆ ಒಂದು ಪಾಲು ಬಿಳಿಯ ವಿನಿಗರಿಗೆ ಎರಡು ಪಾಲು ನೀರು ಸೇರಿಸಿ ಒತ್ತಬೇಕು. ಕಡೆಗೆ ಬರಿಯ ನೀರಿನಿಂದ ಸಾಬೂನೆಲ್ಲವನ್ನೂ ತೆಗೆಯಬೇಕು. ಉಳಿದ ಸಾಬೂನು ಧೂಳನ್ನು ಸೆಳೆದು ಅದೇ ಜಾಗವನ್ನು ಮತ್ತೆ ಕಪ್ಪಾಗಿಸುವುದು.

ಪಾನಕ: ಬೆಲ್ಲವು ನೀರಿನಲ್ಲಿ ಕರಗುವ ವಸ್ತು, ಉಗುರುಬೆಚ್ಚಗಿನ ನೀರೇ ಸಾಕು. ಕಣ್ಣಿಗೆ ಕಲೆ ಕಾಣುವುದಿಲ್ಲವೆಂದು ಬಿಟ್ಟರೆ ಮಾತ್ರ ಇರುವೆ ಮುತ್ತುವುದು. ಅಂಟಿನ ಮೇಲೆ ಕೊಳೆ ಕೂತು, ದಿನ ಕಳೆದಂತೆ ಜಾಗ ಕಂದಾಗುವುದು.

ಮಜ್ಜಿಗೆ: ಕಾಫಿಯಂತೆಯೇ ಮೊದಲು ತಣ್ಣೀರು, ಆಮೇಲೆ ಸಾಬೂನು. ಇದನ್ನು ಅಲಕ್ಷಿಸಿದರೆ ಹುಳಿವಾಸನೆ ಬಹುಕಾಲ ನಿಲ್ಲುವುದು.

ಪುನರ್ಪುಳಿ ಶರಬತ್ತು: ಕರಾವಳಿ, ಮಲೆನಾಡಿನ ಮನೆಗಳ ಈ ಕೆಂಪು ಬಣ್ಣವು ಹುಳಿಯಲ್ಲಿ ಕೆಂಪಾಗಿಯೂ ಕ್ಷಾರದಲ್ಲಿ ನೀಲಿಯತ್ತ ತಿರುಗಿಯೂ ಕಾಣುವುದು. ಆದಕಾರಣ ಸೋಡ ಹಾಕದೆ, ತಣ್ಣೀರೂ ಮೇಲೆ ಹೇಳಿದ ವಿನಿಗರ್ ನೀರೂ ಬಳಸಬೇಕು.

ಆರತಿಯ ಓಕುಳಿ ಪಾನೀಯವಲ್ಲವಾದರೂ ಚೆಲ್ಲುವುದು ಅದೇ ಹೊತ್ತಿನಲ್ಲಿ. ಅರಿಸಿನಕ್ಕೆ ಸುಣ್ಣ ಸೇರಿ ಕೆಂಪಾದದ್ದು ಅದು. ವಿನಿಗರ್ ನೀರು ತಗುಲಿದರೆ ಹಳದಿಗೆ ಮರಳುವುದು. ಉಳಿದ ಹಳದಿಯನ್ನು ಬಿಸಿಲೇ ಮೆಲ್ಲಗೆ ಮಾಯಿಸುವುದು. ಹಾಸಿನ ಬಣ್ಣವೂ ಬಿಸಿಲಿಗೆ ಮಾಸದಂತೆ ಎಚ್ಚರವಿರಲಿ.

ಸೋಫಾದ ಮೆತ್ತೆಗಳ ವಿಚಾರ ಬೇರೆ. ನೀರು ಸುರಿದರೆ ಒಳಗಿನ ನಾರು ಅಥವಾ ಸ್ಪಂಜು ಒಣಗದೆ ಬೂಷ್ಟು ಹಿಡಿಯುವುದು. ಹಿಂಡಿದ ಬಟ್ಟೆಯಷ್ಟೇ ತಾಗಬೇಕು. ಕೆಲವು ಸೋಫಾಗಳ ಅಡಿಯಲ್ಲಿ ಚೀಟಿ ಹೊಲಿದಿರುವುದುಂಟು: ಅದರಲ್ಲಿ ‘ಡಬ್ಲ್ಯು’ ಅಕ್ಷರವಿದ್ದರೆ ನೀರಿನ ದ್ರಾವಣ ಸಲ್ಲುವುದು, ‘ಎಸ್’ ಮಾತ್ರ ಇದ್ದರೆ ನೀರು ಸೋಕಕೂಡದು. ಉಣ್ಣೆಯ ರತ್ನಗಂಬಳಿಗೂ ರೇಷ್ಮೆಗೂ ಬಟ್ಟೆ ಒಗೆಯುವ ಸೋಡವಾಗಲಿ ಬ್ಲೀಚಾಗಲಿ ತಗುಲಿದರೆ ಎಳೆಯೇ ಶಿಥಿಲವಾಗುವುದು.

ಒಣಗಿದ ಮೇಲೆ ಕಲೆ ಮತ್ತೆ ಕಂಡಿತೆಂದು ಅನೇಕರು ಬೇಸರಪಡುವರು. ತಳದಲ್ಲಿ ಉಳಿದ ದ್ರವವು ಆರುವಾಗ ಎಳೆಯ ಗುಂಟ ಮೇಲೇರುವುದೇ ಅದರ ಕಾರಣ. ತೊಳೆದ ಜಾಗದ ಮೇಲೆ ಬಿಳಿ ವಸ್ತ್ರವನ್ನು ನಾಲ್ಕು ಮಡಿಕೆ ಮಾಡಿಟ್ಟು, ಭಾರವನ್ನು ಹೇರಿ ರಾತ್ರಿಯೆಲ್ಲ ಬಿಟ್ಟರೆ, ಏರುವ ಬಣ್ಣವನ್ನು ವಸ್ತ್ರವೇ ಹೀರಿಕೊಳ್ಳುವುದು.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕಾಗಿದೆ. ಒಂದರಿಂದ ಹೋಗದ ಕಲೆ ಎರಡು ಬೆರೆಸಿದರೆ ಹೋದೀತೆಂದು ಬ್ಲೀಚಿಗೆ ವಿನಿಗರನ್ನಾಗಲಿ ನಿಂಬೆರಸವನ್ನಾಗಲಿ ಸೇರಿಸಕೂಡದು. ಕ್ಲೋರಿನ್ ಎಂಬ ವಿಷವಾಯು ಹುಟ್ಟುವುದು. ಬ್ಲೀಚಿಗೆ ಅಮೋನಿಯ ಸೇರಿದರೂ ಅಪಾಯವೇ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಇದು ಪ್ರಾಣಕ್ಕೇ ಎರವಾದೀತು. ಯಾವ ಜಮಖಾನವೂ ಅಷ್ಟು ಬೆಲೆಯುಳ್ಳದ್ದಲ್ಲ.

ಲೋಟ ಕೆಡವಿದ ಮಗುವೋ ಕೈನಡುಗುವ ಹಿರಿಯರೋ ಆಗಲೇ ನಾಚಿ ಕುಗ್ಗಿರುವರು. ನಾಲ್ಕು ಜನರ ಮುಂದೆ ಗದರಿದ ಮಾತನ್ನು ತೆಗೆಯಲು ಯಾವ ಸಾಬೂನೂ ಇಲ್ಲ. ಬಟ್ಟೆಯನ್ನು ಸದ್ದಿಲ್ಲದೆ ತಂದು ಒತ್ತಿ, ಅವರಿಗೆ ಇನ್ನೊಂದು ಲೋಟ ಕಾಫಿಯನ್ನು ತಂದುಕೊಡುವುದೇ ಗೃಹಸ್ಥರಿಗೆ ಒಪ್ಪುವ ನಡತೆ.