ವಿಚಾರಣೆಯಿಲ್ಲದ ಶಿಕ್ಷೆ ಶಿಸ್ತಲ್ಲ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಕಡೆ ಜನಾಝಾದ ಸುದ್ದಿ ಇಂದು ವಾಟ್ಸ್‌ಆ್ಯಪ್ ಗುಂಪಿನಲ್ಲಿಯೇ ಬರುತ್ತದೆ. ನಿಯಮ ಮುರಿದವನನ್ನು ಒಂದು ಮಾತೂ ಕೇಳದೆ ಆ ಗುಂಪಿನಿಂದ ಹೊರಹಾಕುವುದನ್ನು ಕೆಲವರು ಶಿಸ್ತು ಎನ್ನುತ್ತಾರೆ. ಹೀಗೆ ಹೊರಬಿದ್ದ, ನಾನು ಬಲ್ಲ ವೃದ್ಧರೊಬ್ಬರಿಗೆ ಬಾಲ್ಯದ ಗೆಳೆಯನ ಜನಾಝಾ ನಮಾಝ್ ತಪ್ಪಿತು. ಅವರ ಅಪರಾಧ, ಮೊಮ್ಮಗನ ಆಟದಲ್ಲಿ ಫೋನಿನಿಂದ ಹೋದ ಒಂದು ಚಿತ್ರ.

ಮಕ್ಕಾ ವಿಜಯಕ್ಕೆ ಮುನ್ನ ಹಾತಿಬ್(ರ) ಮುಸ್ಲಿಮರ ಸಿದ್ಧತೆಯ ಗುಟ್ಟನ್ನು ಕುರೈಶರಿಗೆ ಬರೆದರು. ಪತ್ರ ಸಿಕ್ಕಿತು. ಆದರೂ ಪ್ರವಾದಿ(ಸ) ಮೊದಲು ಕಾರಣ ಕೇಳಿದರು. ಮಕ್ಕಾದಲ್ಲಿದ್ದ ಕುಟುಂಬದ ಚಿಂತೆಯನ್ನು ಆಲಿಸಿದರು. ಶಿರಚ್ಛೇದಕ್ಕೆ ಅನುಮತಿ ಬೇಡಿದ ಉಮರ್(ರ) ಅವರಿಗೆ ಹಾತಿಬರ ಬದ್ರ್ ಸೇವೆಯನ್ನು ನೆನಪಿಸಿದರು.

ತಬೂಕ್‌ಗೆ ಹೋಗದ ಕಅಬ್ ಬಿನ್ ಮಾಲಿಕ್(ರ) ಅವರಿಗೆ 50 ದಿನಗಳ ಬಹಿಷ್ಕಾರವಿರಲಿಲ್ಲವೇ ಎನ್ನುವಿರಾ? ಇತ್ತು. ಆದರೆ ಅದು ಅವರ ಮಾತು ಕೇಳಿದ ಬಳಿಕ ಬಂದದ್ದು. ಆ ದಿನಗಳಲ್ಲಿಯೂ ಅವರು ಮಸೀದಿಯ ಜಮಾಅತ್‌ನಲ್ಲಿ ನಮಾಝ್ ಮಾಡಿದರು. ಕೊನೆಗೆ ಅವರ ತೌಬಾ ಸ್ವೀಕೃತವಾಯಿತು (9:118).

ಅಡ್ಮಿನ್ ಮೇಲೆ ಮೊಕದ್ದಮೆಯಾದೀತೆಂಬ ಭಯ ಸಹಜ. ಆದರೆ ಸದಸ್ಯನ ಸಂದೇಶಕ್ಕೆ ಕೇವಲ ಅಡ್ಮಿನ್ ಎಂಬ ಕಾರಣಕ್ಕೆ ಯಾರೂ ಹೊಣೆಯಲ್ಲವೆಂದು ಕೇರಳ ಹೈಕೋರ್ಟ್ 2022ರಲ್ಲಿ ತೀರ್ಪಿತ್ತಿದೆ. ಕೆಟ್ಟ ಸಂದೇಶವನ್ನು ಅಳಿಸುವ ಸೌಲಭ್ಯವೂ ಅಡ್ಮಿನ್‌ಗೆ ಇದೆ.

ಜಮಾಅತ್‌ನ ಹೊಣೆಗಾರರೇ, ಸಂದೇಶವನ್ನು ತಕ್ಷಣ ಅಳಿಸಿರಿ. ಕಳುಹಿಸಿದವನಿಗೆ ಕರೆ ಮಾಡಿ ಕೇಳಿರಿ. ಹಠ ಹಿಡಿದವನನ್ನು ಕೆಲಕಾಲ ದೂರವಿಡಿರಿ, ಮರಳುವ ಬಾಗಿಲು ತೆರೆದಿರಲಿ. ಜನಾಝಾದ ಸುದ್ದಿಯನ್ನಂತೂ ಅವನಿಗೂ ಮುಟ್ಟಿಸಿರಿ.