ಮೊದಲು ಗಾಲಿ, ಆಮೇಲೆ ಮನೆ

ಮಕ್ಕಳೇ, ಅಜ್ಜ-ಅಜ್ಜಿಯರೇ, ಈ ವಾರ ನಮ್ಮ ಮನೆಯ ಒಂದು ವ್ಯಾಪಾರದ ಕಥೆ ಹೇಳುತ್ತೇನೆ. ಕೊಂಡುಕೊಂಡ ಕಥೆಗಿಂತ ಕೊಳ್ಳದೆ ಬಿಟ್ಟುಬಂದ ಕಥೆಯೇ ಇದರಲ್ಲಿ ದೊಡ್ಡದು.

ನಮ್ಮ ರಬಕವಿ-ಬನಹಟ್ಟಿ, ಜಮಖಂಡಿ ಕಡೆಯಿಂದ ಯುಗಾದಿಗೆ ಜನ ಕಂಬಿ ಹೊತ್ತು ಶ್ರೀಶೈಲಕ್ಕೆ ನಡೆದು ಹೋಗುವುದು ನಿಮಗೆ ಗೊತ್ತು. ವಯಸ್ಸಿದ್ದಾಗ ನಾನೂ ನನ್ನ ಮನೆಯಾಕೆಯೂ ನಡೆದಿದ್ದೆವು. ಈಗ ಮೊಣಕಾಲು ಮಾತು ಕೇಳುವುದಿಲ್ಲ. ತಿರುಗುವ ಆಸೆಗೆ ಮಾತ್ರ ಮುಪ್ಪು ಬಂದಿಲ್ಲ.

"ನಡ್ಯಾಕ ಆಗೂದಿಲ್ಲ ಅಂದ್ರ ಮನೀನ ತಗೊಂಡು ಹೋಗೂಣಲ್ಲ!" ಎಂದಳು ಆಕೆ ಒಂದು ದಿನ.

ಗಾಲಿಯ ಮೇಲಿನ ಮನೆ ಎಂದರೆ ಕ್ಯಾರವಾನ್. ಮಲಗಲು ಹಾಸಿಗೆ, ಅಡುಗೆಗೆ ಒಲೆ, ನೀರಿನ ಟಾಕಿ ಎಲ್ಲ ಒಳಗೇ ಇರುವ ವ್ಯಾನು. ಶ್ರೀಶೈಲದಿಂದ ಹಿಡಿದು ಕನ್ಯಾಕುಮಾರಿಯವರೆಗೆ ಎರಡು ತಿಂಗಳ ತಿರುಗಾಟ, ಬೇಸಿಗೆ ರಜೆಯಲ್ಲಿ ಏಳನೇತ್ತೆಯ ಮೊಮ್ಮಗಳೂ ಜೊತೆಗೆ ಎಂದು ಲೆಕ್ಕ ಹಾಕಿದೆವು. ಹೊಸದನ್ನು ಕೊಳ್ಳುವಷ್ಟು ಹಣ ಮಾಸ್ತರಿಕೆಯ ಗಳಿಕೆಯಲ್ಲಿ ಎಲ್ಲಿಂದ ಬರಬೇಕು? ಹಳೆಯದನ್ನೇ ಹುಡುಕತೊಡಗಿದೆವು.

ಆಗ ನನಗೆ ನನ್ನ ಅಪ್ಪನ ನೆನಪಾಯಿತು. ಎಲ್ಲಮ್ಮನ ಗುಡ್ಡಕ್ಕೆ, ಬಾದಾಮಿಯ ಬನಶಂಕರಿ ಜಾತ್ರೆಗೆ ಆಗ ಚಕ್ಕಡಿ ಹೂಡಿಕೊಂಡೇ ಹೋಗುತ್ತಿದ್ದೆವು. ರೊಟ್ಟಿ ಬುಟ್ಟಿ, ಹಾಸಿಗೆ, ಎತ್ತಿನ ಮೇವು ಎಲ್ಲ ಅದರಲ್ಲೇ. ಅದು ಆ ಕಾಲದ ಕ್ಯಾರವಾನ್! ಅಪ್ಪ ಹಳೆಯ ಚಕ್ಕಡಿ ಕೊಳ್ಳಲು ಹೋದರೆ ಬಣ್ಣ ನೋಡುತ್ತಿರಲಿಲ್ಲ, ಗಂಟೆ ನೋಡುತ್ತಿರಲಿಲ್ಲ. ಮೊದಲು ಅಡಿಗೆ ಹೊಕ್ಕು ಅಚ್ಚು ನೋಡುತ್ತಿದ್ದ. ಗಾಲಿಯನ್ನು ಎರಡೂ ಕೈಯಿಂದ ಹಿಡಿದು ಅಲ್ಲಾಡಿಸುತ್ತಿದ್ದ. "ಮ್ಯಾಲಿನ ನೆರಳು ಆಮ್ಯಾಗ ಕಟ್ಟಬಹುದು. ಗಾಲಿ ಹಾದ್ಯಾಗ ಸಿಗೂದಿಲ್ಲ" ಎನ್ನುತ್ತಿದ್ದ.

ಜಮಖಂಡಿ ತಾಲ್ಲೂಕಿನ ಹೊಳೆದಂಡೆಯ ಒಂದು ಊರಲ್ಲಿ ಒಂದು ವ್ಯಾನು ಇದೆ ಎಂದು ಸುದ್ದಿ ಬಂತು. ಹೋಗಿ ನೋಡಿದರೆ ಕಣ್ಣಿಗೆ ಹಬ್ಬ. ಹೂವಿನ ಪರದೆ, ಮೆತ್ತನೆ ಹಾಸಿಗೆ, ಮಡಚುವ ಮೇಜು. ಮೊಮ್ಮಗಳು ಹತ್ತಿದವಳೇ ಇಳಿಯಲಿಲ್ಲ. ನಾನು ಅಪ್ಪನ ಮಾತು ನೆನೆದು ಮೂವರಿಗೂ ಕೆಲಸ ಹಂಚಿದೆ. ಅಂಕಿ ಓದುವುದು ಮೊಮ್ಮಗಳ ಕೆಲಸ. ಒಳಗಿನ ಮನೆ ಅವಳ ಆಯಿಯದು. ಇಂಜಿನ್ ನನ್ನದು ಮತ್ತು ಜೊತೆಗೆ ಕರೆದೊಯ್ದ ಮೇಸ್ತ್ರಿಯದು.

ಮೊಮ್ಮಗಳು ಆರ್‌ಸಿ ಹಿಡಿದು ಹೊರಟಳು. ನಂಬರ್ ಪ್ಲೇಟಿನಲ್ಲಿ ಕೆಎ 48 ಇತ್ತು. ಅದು ಜಮಖಂಡಿ ಆರ್‌ಟಿಓ ಕಚೇರಿಯ ಗುರುತು. ಬಾಗಲಕೋಟೆಯದು ಕೆಎ 29. ಗಾಡಿಯ ಮೈಮೇಲೆ ಕೊರೆದ ಚಾಸಿ ನಂಬರಿನ 17 ಅಕ್ಷರ-ಅಂಕಿಗಳನ್ನು ಆರ್‌ಸಿಯ ಜೊತೆ ಒಂದೊಂದಾಗಿ ತಾಳೆ ನೋಡಿದಳು. ಒಂದು ತಪ್ಪಿದರೂ ಆ ಗಾಡಿ ಬೇಡ. ಆಮೇಲೆ ಟೈರು. ಟೈರಿನ ಪಕ್ಕದಲ್ಲಿ ಒಂದು ಸಣ್ಣ ಚೌಕಟ್ಟಿನೊಳಗೆ ನಾಲ್ಕು ಅಂಕಿ ಇರುತ್ತವೆ. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ಅಲ್ಲಿ 1417 ಎಂದಿತ್ತು. ಅಂದರೆ 2017ರ 14ನೇ ವಾರ ತಯಾರಾದದ್ದು.

"ಮುತ್ಯಾ, ಈ ಟೈರು ನಾ ಒಂದನೇತ್ತೆ ಸೇರೂಕಿಂತ ಮೊದಲಿಂದು!"

ನೋಡಲು ಹೊಸದರಂತಿತ್ತು, ಹಲ್ಲು ಸವೆದಿರಲಿಲ್ಲ. ಇಂಥ ಗಾಡಿಗಳು ಓಡುವುದಕ್ಕಿಂತ ನಿಂತಿರುವುದೇ ಹೆಚ್ಚು. ನಿಂತಲ್ಲೇ ಬಿಸಿಲಿಗೆ ರಬ್ಬರು ಒಣಗಿ ಬಿರಿಯುತ್ತದೆ. ಐದಾರು ವರ್ಷ ದಾಟಿದ ಟೈರನ್ನು ಹಲ್ಲು ನೋಡಿ ನಂಬಬಾರದು.

ನಾವು ಬರುವ ತನಕ ಇಂಜಿನ್ ಚಾಲೂ ಮಾಡಬೇಡಿ ಎಂದು ಮೊದಲೇ ಹೇಳಿದ್ದೆವು. ತಣ್ಣಗಿನ ಇಂಜಿನ್ ಸುಳ್ಳು ಹೇಳುವುದಿಲ್ಲ. ಹೊಗೆಯ ಬಣ್ಣ ನೋಡಿ ಮಕ್ಕಳೇ: ನೀಲಿ ಹೊಗೆ ಬಂದರೆ ಇಂಜಿನ್ ಆಯಿಲ್ ಸುಡುತ್ತಿದೆ, ಬಿಳಿ ಹೊಗೆ ನಿಲ್ಲದೆ ಬರುತ್ತಿದ್ದರೆ ಒಳಗೆ ನೀರು ಸೇರುತ್ತಿರಬಹುದು, ಕಪ್ಪು ದಟ್ಟವಾಗಿದ್ದರೆ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲ. ಇಲ್ಲಿ ಮೂರೂ ಇರಲಿಲ್ಲ. "ಇಂಜಿನ್ ಛಲೋ ಐತ್ರಿ ಮಾಸ್ತರ" ಎಂದ ಮೇಸ್ತ್ರಿ. ಟೈರಿನ ದುಡ್ಡು ಕಳೆದು ರೇಟು ಮಾತಾಡೋಣ ಎಂದುಕೊಂಡೆ. ಮುಂಗಡದ ಹಣ ಕಿಸೆಯಲ್ಲೇ ಇತ್ತು.

ಆಗ ಮನೆಯಾಕೆ, "ಸ್ವಲ್ಪ ತಡೀರಿ" ಎಂದು ಬಾಗಿಲು, ಕಿಟಕಿ ಎಲ್ಲ ಮುಚ್ಚಿಕೊಂಡು ಒಳಗೆ ಒಬ್ಬಳೇ ಐದು ನಿಮಿಷ ಕೂತಳು. ಹೊರಗೆ ಬಂದಾಗ ಮುಖ ಬಾಡಿತ್ತು.

"ಈ ವಾಸನಿ ನನಗ ಗೊತ್ತೈತಿ" ಎಂದಳು.

ಆಕೆಯ ತವರು ಮುಧೋಳ ತಾಲ್ಲೂಕಿನಲ್ಲಿ, ಘಟಪ್ರಭೆಯ ದಂಡೆಯ ಮೇಲೆ. 2019ರ ಆಗಸ್ಟಿನಲ್ಲಿ ಕೃಷ್ಣಾ, ಘಟಪ್ರಭಾ ಎರಡೂ ಉಕ್ಕಿದಾಗ ಆ ಮನೆಯಲ್ಲಿ ಆಳೆತ್ತರ ನೀರು ನಿಂತಿತ್ತು. ನೀರು ಇಳಿದ ಮೇಲೆ ವಾರಗಟ್ಟಲೆ ಅಲ್ಲೇ ಇದ್ದು ಕೆಸರು ಬಳಿದವಳು ಆಕೆ. ಹೊಳೆ ಹೊಕ್ಕು ಹೋದ ಮನೆಯ ವಾಸನೆ ಆಕೆಗೆ ಮರೆಯುವುದಿಲ್ಲ.

"ಆ ಸೀಟ್ ಬೆಲ್ಟ್ ಪೂರಾ ಎಳಿ ನೋಡೂಣು" ಎಂದಳು ಮೊಮ್ಮಗಳಿಗೆ. ಎಳೆದರೆ ಕೊನೆಯ ಒಂದು ಮೊಳ ಬೇರೆಯೇ ಬಣ್ಣ. ಮಡಿಕೆಯಲ್ಲಿ ಒಣಗಿದ ರೇವೆ ಮಣ್ಣು. ಸೀಟಿನ ಅಡಿಯ ಸ್ಕ್ರೂಗಳೆಲ್ಲ ತುಕ್ಕು ಹಿಡಿದಿದ್ದವು.

ಗಾಡಿಯ ಯಜಮಾನ ಸ್ವಲ್ಪ ಹೊತ್ತು ನೆಲ ನೋಡಿದ. ಆಮೇಲೆ ಹೇಳಿದ: "ಹೌದ್ರಿ ಅಕ್ಕಾರ. ಹೊಳಿ ಬಂದಾಗ ಮೂರು ದಿನ ನೀರಾಗ ಇತ್ತು. ಮನೀನೂ ಹೋತು, ಇದೂ ಹೋತು. ಸಾಲ ಅಷ್ಟ ಉಳೀತು."

ನಮಗೆ ಏನು ಹೇಳಬೇಕೋ ತಿಳಿಯಲಿಲ್ಲ. ಆತ ಮೋಸಗಾರನಲ್ಲ, ಹೊಳೆ ಮುಳುಗಿಸಿದ ಮನುಷ್ಯ. ಆದರೂ ಆ ಗಾಡಿ ಕೊಳ್ಳುವಂತಿರಲಿಲ್ಲ. ನೀರು ಕುಡಿದ ಗಾಡಿ ಇಂದು ಚೆನ್ನಾಗಿ ಓಡಬಹುದು. ವೈರುಗಳ ಜೋಡಣೆಯೊಳಗೆ ಹೊಕ್ಕ ತೇವ ಮಾತ್ರ ನಿಧಾನವಾಗಿ ತುಕ್ಕಾಗುತ್ತ ಹೋಗುತ್ತದೆ. ಒಂದು ರಾತ್ರಿ ಘಾಟಿನ ರಸ್ತೆಯಲ್ಲಿ ದೀಪ ಆರಿದರೆ? ಒಳಗೆ ಮಲಗಿದ್ದವಳು ಮೊಮ್ಮಗಳು.

"ನಿಮ್ಮ ಸಂಕಟ ನಮಗ ತಿಳೀತೈತ್ರಿ" ಎಂದಳು ಮನೆಯಾಕೆ. "ಆದ್ರ ಮುಂದ ಬರೂವ್ರಿಗೆ ಮೊದಲ ಹೇಳಿಬಿಡ್ರಿ. ಅವ್ರ ಜೊತೀನೂ ಕೂಸು ಇದ್ದೀತು." ಆತ ತಲೆ ಆಡಿಸಿದ. ನಮಗೆ ಚಹಾ ಕುಡಿಸಿಯೇ ಕಳಿಸಿದ.

ನಾಲ್ಕು ತಿಂಗಳ ಮೇಲೆ ಮುಧೋಳದಲ್ಲಿ ಇನ್ನೊಂದು ಸಿಕ್ಕಿತು. ಪರದೆಯಿಲ್ಲ, ಬಣ್ಣ ಮಾಸಿದೆ. ಅಚ್ಚು, ಬ್ರೇಕು, ಬೆಲ್ಟು ಎಲ್ಲ ಗಟ್ಟಿ. ಅದನ್ನು ಕಬ್ಬಿನ ಟ್ರ್ಯಾಕ್ಟರ್ ತೂಗುವ ಕಾಟಾದ ಮೇಲೆ ಹತ್ತಿಸಿದೆವು. ಯಾಕೆ ಗೊತ್ತೇ? ಪ್ರತಿ ಗಾಡಿ ಹೊರಬಹುದಾದ ಒಟ್ಟು ತೂಕಕ್ಕೆ ಮಿತಿ ಇದೆ. ಮಿತಿ 3,500 ಕಿಲೊ ಇದ್ದು, ಮಂಚ-ಕಪಾಟು ಸಹಿತ ಖಾಲಿ ಗಾಡಿ 3,000 ತೂಗಿತು ಎನ್ನಿ. ಉಳಿದದ್ದು 500. ನೂರು ಲೀಟರ್ ನೀರಿಗೆ 100 ಕಿಲೊ ಹೋಯಿತು, ನಾಲ್ಕು ಜನಕ್ಕೆ ಸುಮಾರು 240. ಮಿಕ್ಕ 160 ಕಿಲೊದಲ್ಲೇ ಸಿಲಿಂಡರ್, ಪಾತ್ರೆ, ಬಟ್ಟೆ, ಜೋಳದ ಹಿಟ್ಟು. ಮಿತಿ ಮೀರಿದರೆ ಬ್ರೇಕು ಹಿಡಿಯುವುದಿಲ್ಲ, ಟೈರು ಒಡೆಯುತ್ತದೆ.

ಅಡುಗೆ ಗ್ಯಾಸು ಗಾಳಿಗಿಂತ ಭಾರ. ಸೋರಿದರೆ ಮೇಲೇರದೆ ನೆಲದಲ್ಲೇ ನಿಲ್ಲುತ್ತದೆ. ಆದ್ದರಿಂದ ನೆಲದ ಮಟ್ಟದಲ್ಲಿ ಗಾಳಿಕಂಡಿ ಇದೆಯೇ ನೋಡಿದೆವು. ಬಾಗಿಲು ಮುಚ್ಚಿ ಒಲೆ ಹಚ್ಚಿಟ್ಟು ಮಲಗುವಂತಿಲ್ಲ ಎಂಬುದು ನಮ್ಮ ಗಾಡಿಯ ಮೊದಲ ಕಾನೂನು.

ಹಣ ಕೊಟ್ಟ ಮಾತ್ರಕ್ಕೆ ಗಾಡಿ ನಮ್ಮದಾಗುವುದಿಲ್ಲ. ಫಾರಂ 29, 30 ತುಂಬಿ ಆರ್‌ಸಿ ನಮ್ಮ ಹೆಸರಿಗೆ ಆಗಬೇಕು. ಹಳೆಯ ಯಜಮಾನರ ಸಾಲ ತೀರಿದ್ದಕ್ಕೆ ಬ್ಯಾಂಕಿನ ಸಹಿಯ ಫಾರಂ 35 ಬೇಕು. ಒಳಗೆ ಮಾಡಿದ ಬದಲಾವಣೆ ಆರ್‌ಸಿಯಲ್ಲಿ ದಾಖಲಾಗಿರಬೇಕು. ವಿಮೆಯೂ ಹೆಸರು ಬದಲಾಗಬೇಕು. ಅಜ್ಜಂದಿರೇ, ಇದರಲ್ಲಿ ಅವಸರ ಬೇಡ.

ಮೊದಲ ರಾತ್ರಿ ಕನ್ಯಾಕುಮಾರಿಗೆ ಹೋಗಲಿಲ್ಲ. ಬೀಳಗಿಯ ಬೀಗರ ಅಂಗಳದಲ್ಲಿ ನಿಲ್ಲಿಸಿ ಒಳಗೇ ಉಂಡು ಮಲಗಿದೆವು. ನಲ್ಲಿ ಹನಿಕಿತು, ಒಂದು ಕಿಟಕಿ ಮುಚ್ಚಲಿಲ್ಲ. ಮನೆಯ ಹತ್ತಿರ ತಿಳಿದ ದೋಷ ದುರಸ್ತಿಗೆ ಸುಲಭ. ಮುಂದಿನ ವಾರ ಮನೆಯಾಕೆ ಬನಹಟ್ಟಿಯ ಮಗ್ಗದ ಬಟ್ಟೆ ತಂದು ಪರದೆ ಹೊಲಿದಳು. ಎಲ್ಲದರ ಕೊನೆಗೆ ಪರದೆ!

ಈ ವಾರದ ಕೆಲಸ: ಮಕ್ಕಳೇ, ನಿಮ್ಮ ಮನೆಯ ಬೈಕು, ಕಾರು, ಟ್ರ್ಯಾಕ್ಟರ್, ಯಾವುದಾದರೂ ಸರಿ, ನಿಂತಿರುವಾಗ ಅದರ ಟೈರಿನ ನಾಲ್ಕು ಅಂಕಿ ಹುಡುಕಿ ಓದಿ. ಆ ವಾರ, ಆ ವರ್ಷ ಮನೆಯಲ್ಲಿ ಏನು ನಡೆದಿತ್ತು ಎಂದು ಮುತ್ಯಾನನ್ನೋ ಆಯಿಯನ್ನೋ ಕೇಳಿ. ಟೈರಿನ ವಯಸ್ಸೂ ಗೊತ್ತಾಗುತ್ತದೆ, ಒಂದು ಕಥೆಯೂ ಸಿಗುತ್ತದೆ.